ಮೊಳಕೆ ನೋಡಿ ಬೆಳೆ ಹೇಳಬಹುದಾ? ಎನ್‌ಎಫ್‌ಎಲ್ ಡ್ರಾಫ್ಟ್‌ನ ಹೊಸ ಹುಡುಗರನ್ನು ಅಳೆಯುವ ಬಗೆ

2021ರ ಏಪ್ರಿಲ್ 29, ಗುರುವಾರ. ಸಾಂಟಾ ಕ್ಲಾರಾದಲ್ಲಿ ಸಂಜೆ ಐದು ಗಂಟೆ. ಟಿವಿ ಮುಂದೆ ನಾನು, ನನ್ನ ಮಗಳು, ಒಂದು ತಟ್ಟೆ ಚುರುಮುರಿ. ಮೈಸೂರಿನಲ್ಲಿ ಆಗ ಶುಕ್ರವಾರ ಬೆಳಗಿನ ಐದೂವರೆ. ವಾಕಿಂಗ್‌ಗೆ ಹೊರಟ ಭಾವ ಫೋನ್ ಮಾಡಿದರು. "ಏನಪ್ಪಾ ಅಷ್ಟೊಂದು ಗದ್ದಲ?"

"ಡ್ರಾಫ್ಟ್ ಭಾವ. ನಮ್ಮ ಟೀಮು ಇವತ್ತು ಕಾಲೇಜು ಹುಡುಗರನ್ನ ಆರಿಸ್ಕೊಳ್ಳತ್ತೆ."

"ಓ, ಐಪಿಎಲ್ ಹರಾಜಿನ ಥರ."

ಆ ಥರ ಅಲ್ಲ ಅಂತ ಹೇಳುವಷ್ಟರಲ್ಲಿ ಮೂರನೇ ಹೆಸರು ಕೂಗಿದರು. ಟ್ರೇ ಲ್ಯಾನ್ಸ್. ಮಗಳು ನನ್ನ ಮುಖ ನೋಡಿ ಕೇಳಿದಳು: "ಅಪ್ಪ, ಇವನು ಚೆನ್ನಾಗಿ ಆಡ್ತಾನಾ?"

ಆಡ್ತಾನೆ ಅಂದೆ. ಯಾವ ಆಧಾರದ ಮೇಲೆ ಹಾಗಂದೆ, ಆ ಹೊತ್ತಿಗೆ ನನಗೆ ನಿಜವಾಗಿ ಗೊತ್ತಿದ್ದದ್ದು ಎಷ್ಟು, ಇದನ್ನು ಆಮೇಲೆ ತುಂಬಾ ಯೋಚಿಸಿದ್ದೇನೆ. ಈ ಬರಹ ಆ ಯೋಚನೆಯದು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಲಕ್ಷಾಂತರ ಅಭಿಮಾನಿಗಳು ತಮ್ಮ ತಂಡದ ಹೊಸ ಹುಡುಗರಿಗೆ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತಾರೆ. ಆ ಗ್ರೇಡ್‌ನಲ್ಲಿ ಯಾವ ಭಾಗ ನಂಬಬಹುದು, ಯಾವ ಭಾಗ ನಂಬಬಾರದು ಅನ್ನುವುದನ್ನು ನಮ್ಮ ಊರಿನ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ (ಚಿಕ್ಕದಾಗಿ ನೈನರ್ಸ್) ಇಟ್ಟುಕೊಂಡು ಹೇಳುತ್ತೇನೆ. ಹೆಸರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇದ್ದರೂ 2014ರಿಂದ ಅವರು ಆಡುವುದು ಇಲ್ಲೇ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ಈ ಊರು, ಪಕ್ಕದ ಸನ್ನಿವೇಲ್, ಎರಡರಲ್ಲೂ ಕನ್ನಡದವರು ಬೇಕಾದಷ್ಟು ಜನ ಇದ್ದೇವೆ. ಮ್ಯಾಚ್ ಇದ್ದ ಭಾನುವಾರ ಕೆಂಪು ಜೆರ್ಸಿ ಹಾಕಿಕೊಂಡು ಇಡ್ಲಿ ತಿನ್ನಲು ಬಂದವರನ್ನು ಹೋಟೆಲುಗಳಲ್ಲಿ ನೋಡಬಹುದು.

ಹರಾಜಲ್ಲ, ಸರದಿ

ಹರಾಜಿನಲ್ಲಿ ದುಡ್ಡು ಇದ್ದವರು ಬೆಲೆ ಏರಿಸುತ್ತಾರೆ. ಡ್ರಾಫ್ಟ್‌ನಲ್ಲಿ ಬೆಲೆ ಕೂಗುವುದೇ ಇಲ್ಲ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸೋತ ತಂಡಕ್ಕೆ ಮೊದಲ ಸರದಿ. ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದ ತಂಡಕ್ಕೆ ಕೊನೆಯ ಸರದಿ. ಹೀಗೆ ಏಳು ರೌಂಡ್, ಮೂರು ದಿನ, ಸುಮಾರು 260 ಹುಡುಗರು. ಒಂದು ತಂಡ ಆರಿಸಿತು ಅಂದರೆ ಆ ಹುಡುಗ ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ. ಡ್ರಾಫ್ಟ್‌ಗೆ ಬರಬೇಕಾದರೆ ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು. ಅದಕ್ಕೇ ಬಹುತೇಕ ಎಲ್ಲರೂ ಕಾಲೇಜು ತಂಡಗಳಲ್ಲಿ ಆಡಿ ಬಂದವರು.

ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ತಂದ ಯೋಚನೆ ಅದು. ಒಳ್ಳೊಳ್ಳೆ ಹುಡುಗರೆಲ್ಲ ದೊಡ್ಡ ತಂಡಗಳ ಪಾಲಾಗಿ ಸಣ್ಣ ತಂಡಗಳು ಸೋಲುತ್ತಲೇ ಇದ್ದವು. ಸೋತವರಿಗೆ ಮೊದಲು ಆರಿಸಲು ಬಿಟ್ಟರೆ ಎಲ್ಲರೂ ಸಮ ಆಗಬಹುದು ಅಂತ ಲೆಕ್ಕ. ಆ ಮೊದಲ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ ಆಟಗಾರ ಜೇ ಬರ್ವಾಂಗರ್. ಆತ ಎನ್‌ಎಫ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಚೆಂಡು ಎಸೆಯುವವನು, ತಂಡ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಚೆಂಡಿನ ಸಮೇತ ಕೆಡವಿದರೆ ಅದು ಸ್ಯಾಕ್. ಉಳಿದ ಜಾಗಗಳನ್ನು ಮಾತು ಬಂದಾಗ ಹೇಳುತ್ತೇನೆ.

ಸರದಿಗೂ ಒಂದು ಬೆಲೆ ಇದೆ

ಬೆಲೆ ಕೂಗುವುದಿಲ್ಲ ಅಂದೆ. ಆದರೆ ಸರದಿಯನ್ನೇ ತಂಡಗಳು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತವೆ. "ನಿನ್ನ ಮೂರನೇ ಸರದಿ ನನಗೆ ಕೊಡು, ನನ್ನ ಇಷ್ಟು ಸರದಿ ನೀನು ತಗೋ." ಯಾವ ಸರದಿಗೆ ಎಷ್ಟು ತೂಕ ಅಂತ 1990ರ ದಶಕದ ಶುರುವಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದವರು ಒಂದು ಪಟ್ಟಿ ಮಾಡಿದರು. ಅದರಲ್ಲಿ ಮೊದಲ ಪಿಕ್‌ಗೆ, ಅಂದರೆ ಮೊದಲ ಸರದಿಗೆ, 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200. ಕೆಳಗೆ ಇಳಿದ ಹಾಗೆ ಅಂಕ ದಬದಬ ಬೀಳುತ್ತದೆ. ಇವತ್ತಿಗೂ ಅಭಿಮಾನಿಗಳು ಕೊಟ್ಟು ತಗೊಂಡ ಲೆಕ್ಕ ಹಾಕುವಾಗ ಈ ಪಟ್ಟಿಯನ್ನೋ ಇದರ ಹೊಸ ರೂಪಗಳನ್ನೋ ಮುಂದೆ ಇಟ್ಟುಕೊಳ್ಳುತ್ತಾರೆ.

2021ರ ಮಾರ್ಚ್‌ನಲ್ಲಿ ನೈನರ್ಸ್ ಕೈಯಲ್ಲಿ ಇದ್ದದ್ದು 12ನೇ ಪಿಕ್. ಮೂರಕ್ಕೆ ಏರಲು ಅವರು ಮಯಾಮಿ ಡಾಲ್ಫಿನ್ಸ್‌ಗೆ ಆ 12ನೇ ಪಿಕ್ ಕೊಟ್ಟರು. ಜೊತೆಗೆ 2022ರ ಮೊದಲ ರೌಂಡ್ ಪಿಕ್, 2023ರ ಮೊದಲ ರೌಂಡ್ ಪಿಕ್, ಒಂದು ಮೂರನೇ ರೌಂಡ್ ಪಿಕ್. ಅಂದರೆ ಟ್ರೇ ಲ್ಯಾನ್ಸ್ ಅನ್ನುವ ಒಬ್ಬ ಕ್ವಾರ್ಟರ್‌ಬ್ಯಾಕ್ ಹುಡುಗನಿಗಾಗಿ ಮೂರು ವರ್ಷದ ಮೊದಲ ರೌಂಡ್ ಪೂರ್ತಿ ಖರ್ಚು. ಅವರು ಕೊಟ್ಟ 12ನೇ ಪಿಕ್ ಕೈಯಿಂದ ಕೈಗೆ ಹೋಗಿ ಕೊನೆಗೆ ಡಲ್ಲಾಸ್‌ಗೆ ಸಿಕ್ಕಿತು. ಡಲ್ಲಾಸ್ ಅದರಲ್ಲಿ ಆರಿಸಿದ್ದು ಮೈಕಾ ಪಾರ್ಸನ್ಸ್‌ನನ್ನು. ಆ ಹುಡುಗ ಬಂದ ವರ್ಷವೇ ಇಡೀ ಲೀಗ್‌ನ ಕ್ವಾರ್ಟರ್‌ಬ್ಯಾಕ್‌ಗಳಿಗೆ ನಡುಕ ಹುಟ್ಟಿಸಿದ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಡ್ರಾಫ್ಟ್ ದಿನ ಅಭಿಮಾನಿ ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಂಡು ಉತ್ತರಿಸುತ್ತಾನೆ. ಒಂದು, ಕೊಟ್ಟ ಬೆಲೆ ಸರಿಯಾ? ಇನ್ನೊಂದು, ಹುಡುಗ ಚೆನ್ನಾಗಿ ಆಡುತ್ತಾನಾ? ಮೊದಲನೆಯದಕ್ಕೆ ಅದೇ ದಿನ ಉತ್ತರ ಹೇಳಬಹುದು. ಪಟ್ಟಿ ಇದೆ, ಹಿಂದಿನ ವರ್ಷಗಳ ಲೆಕ್ಕ ಇದೆ. ಎರಡನೆಯದಕ್ಕೆ ಅವತ್ತು ಉತ್ತರ ಯಾರ ಹತ್ತಿರವೂ ಇರುವುದಿಲ್ಲ. ವರ್ಷವಿಡೀ ಹುಡುಗರ ಆಟ ನೋಡಲು ಕಾಲೇಜು ಕಾಲೇಜು ಅಲೆದ ಸ್ಕೌಟ್‌ಗಳ ಹತ್ತಿರವೂ ಇರುವುದಿಲ್ಲ.

ಎರಡು ಪ್ರಶ್ನೆ ಬೇರೆ ಬೇರೆ ಅನ್ನುವುದಕ್ಕೆ 2017ರ ಡ್ರಾಫ್ಟ್ ನೋಡಿ. ಜನರಲ್ ಮ್ಯಾನೇಜರ್ ಜಾನ್ ಲಿಂಚ್, ಕೋಚ್ ಕೈಲ್ ಶನಹನ್, ಇಬ್ಬರಿಗೂ ಅದು ಇಲ್ಲಿನ ಮೊದಲ ಡ್ರಾಫ್ಟ್. ನೈನರ್ಸ್ ಕೈಯಲ್ಲಿ ಎರಡನೇ ಪಿಕ್ ಇತ್ತು. ಮೂರನೇ ಪಿಕ್ ಇದ್ದ ಶಿಕಾಗೊ ಬೇರ್ಸ್ ಒಂದೇ ಒಂದು ಮೆಟ್ಟಿಲು ಮೇಲೆ ಬರಲು ಮೂರು ಹೆಚ್ಚುವರಿ ಪಿಕ್ ಕೊಟ್ಟರು. ನೈನರ್ಸ್ ಒಂದು ಮೆಟ್ಟಿಲು ಇಳಿದು, ಸ್ಟ್ಯಾನ್‌ಫರ್ಡ್‌ನ ಸಾಲಮನ್ ಥಾಮಸ್‌ನನ್ನು ಆರಿಸಿದರು. ಬೆಲೆಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇರೆ ಇಲ್ಲ. ನಾವೆಲ್ಲ ಹಿಗ್ಗಿದೆವು. ಥಾಮಸ್ ನಾಲ್ಕು ಸೀಸನ್ ಇದ್ದು ಒಟ್ಟು 6 ಸ್ಯಾಕ್ ಮಾಡಿ ಬೇರೆ ತಂಡಕ್ಕೆ ಹೋದ. ವ್ಯಾಪಾರ ಚೆನ್ನಾಗಿತ್ತು, ಆಯ್ಕೆ ಫಲ ಕೊಡಲಿಲ್ಲ. ಅದೇ ವರ್ಷ ಹತ್ತನೇ ಪಿಕ್‌ನಲ್ಲಿ ಕನ್ಸಸ್ ಸಿಟಿ ಆರಿಸಿಕೊಂಡ ಹುಡುಗ ಪ್ಯಾಟ್ರಿಕ್ ಮಹೋಮ್ಸ್, ಮುಂದೆ ಲೀಗ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್ ಆದವನು.

ಉಲ್ಟಾ ಉದಾಹರಣೆ 2023ರದ್ದು. ಮೂರನೇ ರೌಂಡ್‌ನಲ್ಲಿ, 99ನೇ ಪಿಕ್‌ನಲ್ಲಿ, ನೈನರ್ಸ್ ಜೇಕ್ ಮೂಡಿ ಅನ್ನುವ ಕಿಕ್ಕರ್‌ನನ್ನು ಆರಿಸಿದರು. ಕಿಕ್ಕರ್ ಅಂದರೆ ಕಂಬಗಳ ನಡುವೆ ಚೆಂಡು ಒದೆಯುವವನು. ಅಭಿಮಾನಿಗಳಿಗೆ ಸಿಟ್ಟು ಬಂತು. ಹುಡುಗನ ಮೇಲೆ ಅಲ್ಲ, ಬೆಲೆಯ ಮೇಲೆ. ಕಿಕ್ಕರ್‌ಗಳು ಸಾಮಾನ್ಯವಾಗಿ ಕೊನೆಯ ರೌಂಡ್‌ಗಳಲ್ಲಿ ಸಿಗುತ್ತಾರೆ, ಎಷ್ಟೋ ಒಳ್ಳೆಯವರು ಡ್ರಾಫ್ಟ್ ಆಗದೆಯೇ ಬಂದವರು. ಮೂಡಿ ಕೈಲಾಗದವನಲ್ಲ. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 55 ಗಜದಿಂದ ಒದ್ದು ಅಲ್ಲಿಯವರೆಗಿನ ಸೂಪರ್ ಬೌಲ್ ದಾಖಲೆ ಮುರಿದ. ಆದರೂ ಆಮೇಲೆ ಗುರಿ ತಪ್ಪತೊಡಗಿತು. 2025ರ ಸೀಸನ್‌ನ ಮೊದಲ ಮ್ಯಾಚ್ ಮುಗಿದ ಮೇಲೆ ತಂಡ ಅವನನ್ನು ಕೈಬಿಟ್ಟಿತು. ಅವನು ಹೀಗಾಗುತ್ತಾನೆ ಅಂತ ನಮಗೆ ಡ್ರಾಫ್ಟ್ ದಿನ ಗೊತ್ತಿರಲಿಲ್ಲ. ಬೆಲೆ ಜಾಸ್ತಿ ಆಯಿತು ಅನ್ನುವುದು ಗೊತ್ತಿತ್ತು, ಅದನ್ನು ಹೇಳುವ ಹಕ್ಕು ನಮಗಿತ್ತು.

ಸಂಬಳದ ಲೆಕ್ಕ ಮರೆಯಬಾರದು

ಹೊಸ ಹುಡುಗನ ಬೆಲೆಯಲ್ಲಿ ಅವನ ಸಂಬಳವೂ ಸೇರಿದೆ. ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ ಒಟ್ಟು ಸಂಬಳಕ್ಕೆ ಒಂದು ಮಿತಿ ಇದೆ. 2023ರಲ್ಲಿ ಅದು 22.48 ಕೋಟಿ ಡಾಲರ್. ಅಷ್ಟರಲ್ಲೇ 53 ಜನರನ್ನು ಇಟ್ಟುಕೊಳ್ಳಬೇಕು. 2011ರ ಒಪ್ಪಂದದ ಮೇಲೆ ಹೊಸ ಹುಡುಗರ ಸಂಬಳ ಅವರ ಪಿಕ್ ನಂಬರ್‌ಗೆ ತಕ್ಕ ಹಾಗೆ ಹೆಚ್ಚುಕಡಿಮೆ ನಿಗದಿ. ಒಪ್ಪಂದ ನಾಲ್ಕು ವರ್ಷದ್ದು. ಮೊದಲ ರೌಂಡ್‌ನವರಿಗೆ ಮಾತ್ರ ಐದನೇ ವರ್ಷವೂ ಇಟ್ಟುಕೊಳ್ಳುವ ಅವಕಾಶ ತಂಡಕ್ಕಿದೆ. ಮೂರು ಸೀಸನ್ ಆಗುವವರೆಗೆ ಸಂಬಳ ಏರಿಸಿ ಹೊಸ ಒಪ್ಪಂದ ಮಾಡುವ ಹಾಗಿಲ್ಲ.

ಇದರ ಅರ್ಥ ಏನು ಅಂದರೆ, ಕೆಳಗಿನ ರೌಂಡ್‌ನ ಹುಡುಗ ಒಬ್ಬ ಚೆನ್ನಾಗಿ ಆಡಿಬಿಟ್ಟರೆ ಮೂರು ನಾಲ್ಕು ವರ್ಷ ತಂಡಕ್ಕೆ ಹಬ್ಬ. ಉಳಿದ ದುಡ್ಡಲ್ಲಿ ಬೇರೆ ದೊಡ್ಡ ಆಟಗಾರರನ್ನು ಇಟ್ಟುಕೊಳ್ಳಬಹುದು. ನಾನು ಈಗ ಹೊಸ ಹುಡುಗರ ಪಟ್ಟಿ ಬಂದ ಕೂಡಲೇ ಮೊದಲು ನೋಡುವುದು ಮೂರನೇ ರೌಂಡ್‌ನಿಂದ ಕೆಳಗಿನವರನ್ನು.

ಆ ಅಭ್ಯಾಸ ಕಲಿಸಿದವನು ಬ್ರಾಕ್ ಪರ್ಡಿ.

17 ಮ್ಯಾಚ್, ನಾಲ್ಕು ವರ್ಷ

2022ರ ಏಪ್ರಿಲ್ 30, ಶನಿವಾರ. ಲಾಸ್ ವೇಗಸ್‌ನಲ್ಲಿ ಡ್ರಾಫ್ಟ್ ಮುಗಿಯುತ್ತಿತ್ತು. ಆ ವರ್ಷ ಒಟ್ಟು 262 ಪಿಕ್. ಕೊನೆಯದು ನೈನರ್ಸ್‌ನದು, ಅದರಲ್ಲಿ ಆರಿಸಿದ್ದು ಪರ್ಡಿಯನ್ನು. ಕೊನೆಯ ಪಿಕ್ ಆದವನಿಗೆ ಇಲ್ಲಿ "ಮಿಸ್ಟರ್ ಇರ್ರೆಲವೆಂಟ್" ಅಂತ ಹೆಸರು. ಯಾವ ಲೆಕ್ಕಕ್ಕೂ ಇಲ್ಲದವನು ಅಂತ ಅರ್ಥ. 1976ರಲ್ಲಿ ಇದನ್ನು ಶುರು ಮಾಡಿದವರು ಪಾಲ್ ಸಲಾಟಾ, ಒಂದು ಕಾಲಕ್ಕೆ ನೈನರ್ಸ್‌ಗೇ ಆಡಿದವರು. ಹೆಸರು ಹಾಗಿದ್ದರೂ ಆ ಹುಡುಗನನ್ನು ಕರೆದು ಮೆರೆಸಿ ಸತ್ಕಾರ ಮಾಡುತ್ತಾರೆ. ಚೆಂಡು ಕೈಜಾರಿಸುತ್ತಿರುವ ಆಟಗಾರನ ಬೊಂಬೆಯೇ ಅವನಿಗೆ ಟ್ರೋಫಿ.

ಡ್ರಾಫ್ಟ್ ದಿನ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರುತ್ತೇನೆ. ಒಬ್ಬೊಬ್ಬ ಹುಡುಗನಿಗೆ ಒಂದು ಸಾಲು. ಪರ್ಡಿಯ ಎದುರಿಗೆ ನಾನು ಬರೆದದ್ದು: "ಮೂರನೇ ಕ್ವಾರ್ಟರ್‌ಬ್ಯಾಕ್. ಪ್ರಾಕ್ಟೀಸ್‌ಗೆ." ಅದರ ಹಿಂದಿನ ವರ್ಷದ ಹಾಳೆಯಲ್ಲಿ ಲ್ಯಾನ್ಸ್‌ಗೆ ಅರ್ಧ ಪುಟ ಬರೆದಿದ್ದೆ. ಕೈಬಲ, ಓಟ, ಎತ್ತರ, ವಯಸ್ಸು.

ಈಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಯಾವುದನ್ನು ನೋಡಲಿಲ್ಲ ಅನ್ನುವುದು ಕಾಣುತ್ತದೆ. ಲ್ಯಾನ್ಸ್ ಆಡಿದ್ದು ನಾರ್ತ್ ಡಕೋಟಾ ಸ್ಟೇಟ್‌ಗೆ. ಗೆಲ್ಲುವ ಕಾಲೇಜು ನಿಜ, ಆದರೆ ಆಡುವುದು ದೊಡ್ಡ ಕಾಲೇಜುಗಳ ಕೆಳಗಿನ ಮಟ್ಟದಲ್ಲಿ. 2019ರಲ್ಲಿ 28 ಬಾರಿ ಎಸೆದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಿದ, ಒಂದು ಸಲವೂ ಚೆಂಡು ಎದುರಾಳಿ ಕೈಗೆ ಹೋಗಲಿಲ್ಲ. ಕಣ್ಣು ಕುಕ್ಕುವ ಅಂಕಿ. ಆಮೇಲೆ ಕೋವಿಡ್ ಬಂತು. 2020ರಲ್ಲಿ ಆಡಿದ್ದು ಒಂದೇ ಮ್ಯಾಚ್. ಕಾಲೇಜಿನಲ್ಲಿ ಮೊದಲಿಂದ ಇಳಿದು ಆಡಿದ ಮ್ಯಾಚ್‌ಗಳು ಒಟ್ಟು 17. ಪರ್ಡಿ ಅಯೊವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ, ದೊಡ್ಡ ಕಾಲೇಜುಗಳ ಎದುರು, ನಲವತ್ತಕ್ಕೂ ಹೆಚ್ಚು ಮ್ಯಾಚ್ ನಡೆಸಿದವನು. ಎತ್ತರ ಆರಡಿಗೆ ಸ್ವಲ್ಪ ಮೇಲೆ, ಕೈಬಲ ಸಾಧಾರಣ. ಮಜಾ ಏನು ಅಂದರೆ ವಯಸ್ಸಿನಲ್ಲಿ ಇಬ್ಬರಿಗೂ ಐದು ತಿಂಗಳೂ ವ್ಯತ್ಯಾಸ ಇಲ್ಲ. ಲ್ಯಾನ್ಸ್ "ಇನ್ನೂ ಚಿಕ್ಕವನು, ಬೆಳೀತಾನೆ", ಪರ್ಡಿ "ಇಷ್ಟೇ, ಆಡಿ ಮುಗಿದವನು" ಅಂತ ನಾವು ನೋಡಿದೆವು.

2022ರ ಸೆಪ್ಟೆಂಬರ್ 18ರಂದು ನಾನು, ಮಗಳು ಸ್ಟೇಡಿಯಂನಲ್ಲೇ ಇದ್ದೆವು. ಸಿಯಾಟಲ್ ಸೀಹಾಕ್ಸ್ ಎದುರು. ಮೊದಲ ಕ್ವಾರ್ಟರ್‌ನಲ್ಲೇ ಲ್ಯಾನ್ಸ್ ಚೆಂಡು ಹಿಡಿದು ಗುಂಪಿನ ನಡುವೆ ನುಗ್ಗಿದ, ಬಿದ್ದ, ಏಳಲಿಲ್ಲ. ಬಲಗಾಲಿನ ಹರಡು (ಪಾದದ ಕೀಲು) ಮುರಿದಿತ್ತು. ಗಾಡಿ ಬಂತು. ಎರಡೂ ತಂಡದವರು ಬಂದು ಅವನ ಹೆಗಲು ಮುಟ್ಟಿ ಹೋದರು. ಅಷ್ಟು ದೊಡ್ಡ ಸ್ಟೇಡಿಯಂ ಸುಮ್ಮನಾಯಿತು. ಮಗಳು ನನ್ನ ಕೈ ಬಿಡಲಿಲ್ಲ. ಅವತ್ತು ಅವನಿಗೆ 22 ವರ್ಷ.

ಡಿಸೆಂಬರ್ 4ಕ್ಕೆ ಅವನ ಬದಲು ಆಡುತ್ತಿದ್ದ ಜಿಮ್ಮಿ ಗರೋಪೊಲೊ ಪಾದವೂ ಮುರಿಯಿತು. ಎದುರಿಗೆ ಇದ್ದದ್ದು ಮಯಾಮಿ, ಆ ಮೂರು ಮೊದಲ ರೌಂಡ್ ಪಿಕ್ ತಗೊಂಡ ಅದೇ ಮಯಾಮಿ. ಒಳಗೆ ಬಂದವನು ಪರ್ಡಿ. ಆ ಮ್ಯಾಚ್ ಗೆದ್ದರು. ಆಮೇಲಿನ ಮ್ಯಾಚ್‌ಗಳನ್ನೂ ಗೆಲ್ಲುತ್ತಾ ಹೋಗಿ, ಫಿಲಡೆಲ್ಫಿಯಾದಲ್ಲಿ ಅವನ ಮೊಣಕೈಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಹರಿಯುವವರೆಗೂ ಸೋಲಲಿಲ್ಲ. ಮುಂದಿನ ಸೀಸನ್‌ನಲ್ಲಿ 4,280 ಗಜ ಎಸೆದು ತಂಡದ ಇತಿಹಾಸದಲ್ಲೇ ಹೊಸ ದಾಖಲೆ ಬರೆದ. ಸೂಪರ್ ಬೌಲ್‌ವರೆಗೂ ಕರೆದುಕೊಂಡು ಹೋದ. ಆ ವರ್ಷ ಅವನ ಸಂಬಳ 9 ಲಕ್ಷ ಡಾಲರ್‌ಗೂ ಕಡಿಮೆ. ಅದೇ ಸೆಪ್ಟೆಂಬರ್‌ನಲ್ಲಿ ತಂಡ ಸ್ಯಾಕ್ ಮಾಡುವುದರಲ್ಲಿ ಹೆಸರಾದ ನಿಕ್ ಬೋಸಾಗೆ ಐದು ವರ್ಷಕ್ಕೆ 17 ಕೋಟಿ ಡಾಲರ್‌ನ ಒಪ್ಪಂದ ಬರೆದುಕೊಟ್ಟಿತು. ಕ್ವಾರ್ಟರ್‌ಬ್ಯಾಕ್‌ಗೆ ದುಡ್ಡು ಹೋಗದ ಕಾರಣ ಅದು ಸಲೀಸಾಯಿತು. ಲ್ಯಾನ್ಸ್ ಅಷ್ಟರಲ್ಲಿ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಹೋಗಿದ್ದ. ನೈನರ್ಸ್‌ಗೆ ಮೊದಲಿಂದ ಇಳಿದು ಆಡಿದ್ದು ನಾಲ್ಕೇ ಮ್ಯಾಚ್. 2025ರ ಮೇನಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ.

ಲ್ಯಾನ್ಸ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಕೆಟ್ಟ ಆಟಗಾರ ಅಂತ ಇದರಿಂದ ಸಾಬೀತಾಗಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮ್ಯಾಚ್‌ಗಳು. ಕೋವಿಡ್ ಒಂದು ವರ್ಷ ತಿಂದಿತು, ಮುರಿದ ಕಾಲು ಇನ್ನೊಂದು ವರ್ಷ ತಿಂದಿತು. ಅವನು ಹೇಗೆ ಬೆಳೆಯುತ್ತಿದ್ದ ಅನ್ನುವುದು ಯಾರಿಗೂ ತಿಳಿಯದೆಯೇ ಹೋಯಿತು. ನನಗೆ ಇವತ್ತಿಗೂ ಅದು ನೋವು.

ಲ್ಯಾನ್ಸ್ ಬಂದ 2021ರಲ್ಲಿ ಮೊದಲ ರೌಂಡ್‌ನಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಮೂರು ವರ್ಷ ಕಳೆದು 2024ರ ಸೀಸನ್ ಶುರುವಾಗುವ ಹೊತ್ತಿಗೆ ಆರಿಸಿದ ತಂಡದಲ್ಲೇ ಉಳಿದವನು ಒಬ್ಬ, ಟ್ರೆವರ್ ಲಾರೆನ್ಸ್. "ಲ್ಯಾನ್ಸ್ ಬದಲು ಇವನನ್ನೇ ತಗೋಬೇಕಿತ್ತು" ಅಂತ ನಮ್ಮಲ್ಲಿ ಅರ್ಧ ಜನ ಹೇಳುತ್ತಿದ್ದ ಮ್ಯಾಕ್ ಜೋನ್ಸ್ 2025ರಲ್ಲಿ ಪರ್ಡಿಗೆ ಬದಲಿ ಆಟಗಾರನಾಗಿ ಇದೇ ಸಾಂಟಾ ಕ್ಲಾರಾಕ್ಕೆ ಬಂದ.

ಒಬ್ಬನನ್ನೇ ನೋಡುವ ಅಭ್ಯಾಸ

ಹಾಗಾದರೆ ಅಭಿಮಾನಿಗೆ ಹುಡುಗನ ಬಗ್ಗೆ ಏನೂ ಗೊತ್ತಾಗುವುದೇ ಇಲ್ವಾ? ಸ್ವಲ್ಪ ಗೊತ್ತಾಗುತ್ತದೆ. ನೋಡುವ ಬಗೆ ಸರಿ ಇರಬೇಕು ಅಷ್ಟೆ.

ಹೈಲೈಟ್ಸ್ ವಿಡಿಯೊ ನೋಡಬೇಡಿ. ಅದರಲ್ಲಿ ಒಳ್ಳೆಯದು ಮಾತ್ರ ಇರುತ್ತದೆ. ಒಂದು ಪೂರ್ತಿ ಕಾಲೇಜು ಮ್ಯಾಚ್ ಹಾಕಿಕೊಂಡು ಕೂರಿ. ಅವನ ತಂಡ ಸೋತ ಮ್ಯಾಚ್ ಆದರೆ ಇನ್ನೂ ಒಳ್ಳೆಯದು. ಚೆಂಡು ನೋಡಬೇಡಿ, ಅವನನ್ನೇ ನೋಡಿ.

ಜಾರ್ಜ್ ಕಿಟಲ್ ಉದಾಹರಣೆ ಹೇಳುತ್ತೇನೆ. 2017ರಲ್ಲಿ ಐದನೇ ರೌಂಡ್, 146ನೇ ಪಿಕ್, ಅಯೊವಾ ಕಾಲೇಜಿನ ಹುಡುಗ. ಟೈಟ್ ಎಂಡ್ ಅನ್ನುವ ಜಾಗ. ಟೈಟ್ ಎಂಡ್‌ಗೆ ಎರಡು ಕೆಲಸ. ಒಮ್ಮೆ ಎದುರಾಳಿಯನ್ನು ತಳ್ಳಿ ತನ್ನವನಿಗೆ ದಾರಿ ಮಾಡಬೇಕು, ಇನ್ನೊಮ್ಮೆ ತಾನೇ ಓಡಿ ಚೆಂಡು ಹಿಡಿಯಬೇಕು. ಕಾಲೇಜಿನ ಎಲ್ಲ ವರ್ಷ ಸೇರಿ ಕಿಟಲ್ ಹಿಡಿದದ್ದು 48 ಚೆಂಡು. ಅಂಕಿ ಮಾತ್ರ ನೋಡಿದವರಿಗೆ ಇವನು ಸಾಧಾರಣ. ಆದರೆ ಅಯೊವಾ ಆಡುವ ರೀತಿಯೇ ಚೆಂಡು ಹಿಡಿದು ಓಡಿ ಗೆಲ್ಲುವುದು. ಟೈಟ್ ಎಂಡ್ ಕಡೆ ಚೆಂಡು ಬರುವುದೇ ಕಡಿಮೆ. ಚೆಂಡು ಬೇರೆಯವನ ಕೈಯಲ್ಲಿ ಇದ್ದಾಗ ಕಿಟಲ್ ಏನು ಮಾಡುತ್ತಿದ್ದ ಅಂತ ನಾನು ಆಮೇಲೆ ಕೂತು ನೋಡಿದೆ. ಎದುರಿಗೆ ಬಂದವನ ಎದೆಗೆ ಕೈ ಕೊಟ್ಟು, ಸೊಂಟ ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ತಳ್ಳುತ್ತಾನೆ. ಓಡುವವನು ಆ ಜಾಗ ದಾಟಿ ಹೋದ ಮೇಲೂ ಬಿಡುವುದಿಲ್ಲ. ಸೀಟಿ ಊದುವವರೆಗೂ ತಳ್ಳುತ್ತಲೇ ಇರುತ್ತಾನೆ. ಜೊತೆಗೆ 40 ಗಜ ಓಟದಲ್ಲಿ 4.52 ಸೆಕೆಂಡ್, ಅಷ್ಟು ತೂಕದ ಹುಡುಗನಿಗೆ ಅದು ಬಹಳ ಚುರುಕು. 2018ರಲ್ಲಿ ಕಿಟಲ್ 1,377 ಗಜ ಗಳಿಸಿ ಅಲ್ಲಿಯವರೆಗೆ ಯಾವ ಟೈಟ್ ಎಂಡ್ ಕೂಡ ಒಂದು ಸೀಸನ್‌ನಲ್ಲಿ ಮಾಡದ ದಾಖಲೆ ಮಾಡಿದ.

40 ಗಜದ ಓಟ ಅಂದೆ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ನಡೆಯುತ್ತದೆ. ಓಟ, ನೆಗೆತ, 102 ಕೆ.ಜಿ. ಭಾರ ಎಷ್ಟು ಸಲ ಎತ್ತುತ್ತಾನೆ, ಎಲ್ಲ ಅಳೆಯುತ್ತಾರೆ. ಟಾಮ್ ಬ್ರೇಡಿ 2000ದಲ್ಲಿ ಆ ಓಟ ಓಡಿದ್ದು 5.28 ಸೆಕೆಂಡ್‌ನಲ್ಲಿ. 199ನೇ ಪಿಕ್ ಆದ, ಏಳು ಸೂಪರ್ ಬೌಲ್ ಗೆದ್ದ. ನೈನರ್ಸ್ ಅಭಿಮಾನಿಯಾಗಿ ಬೆಳೆದ, ಇಲ್ಲೇ ಸ್ಯಾನ್ ಮಟೇಯೊದ ಹುಡುಗ. ಕ್ವಾರ್ಟರ್‌ಬ್ಯಾಕ್‌ಗೆ ಓಟದ ಅಂಕಿ ಹೆಚ್ಚು ಹೇಳುವುದಿಲ್ಲ. ಆದರೆ ಓಡಿ ಹಿಡಿಯುವವನಿಗೆ, ಅಟ್ಟಿಸಿಕೊಂಡು ಹೋಗುವವನಿಗೆ ಅದು ಬೇಕು. ಅಂಕಿಯನ್ನು ಜಾಗದ ಜೊತೆ ಇಟ್ಟು ಓದಬೇಕು.

ಕೋಚ್‌ಗೆ ಏನು ಬೇಕು ಅನ್ನುವುದನ್ನೂ ಕೇಳಿಕೊಳ್ಳಿ. 2018ರಲ್ಲಿ 70ನೇ ಪಿಕ್ ಆದ ಫ್ರೆಡ್ ವಾರ್ನರ್ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ನಡುವೆ ನಿಲ್ಲುವವನು. ಕಾಲೇಜಿನಲ್ಲಿ ಅವನು ಹೆಚ್ಚಾಗಿ ಪಕ್ಕದಲ್ಲಿ, ಚೆಂಡು ಹಿಡಿಯುವವರ ಹಿಂದೆ ಓಡುತ್ತಾ ಆಡಿದವನು. ಹಳೇ ಲೆಕ್ಕದಲ್ಲಿ ನಡುವಿನ ಜಾಗಕ್ಕೆ ಮೈಕಟ್ಟು ಸಾಲದು ಅನ್ನಿಸುವಂಥವನು. ನೈನರ್ಸ್ ರಕ್ಷಣೆಗೆ ಬೇಕಾಗಿದ್ದದ್ದು ಅದೇ, ನಡುವಿನಲ್ಲಿ ನಿಂತು ಹಿಂದಕ್ಕೂ ಓಡಬಲ್ಲವನು. ಇವತ್ತು ಅವನ ಜಾಗದಲ್ಲಿ ಲೀಗ್‌ನಲ್ಲೇ ಅವನಿಗಿಂತ ಮೇಲೆ ಯಾರನ್ನೂ ಹೇಳುವುದು ಕಷ್ಟ. ಸಾಲಮನ್ ಥಾಮಸ್‌ಗೆ ಆದದ್ದು ಇದರ ಉಲ್ಟಾ. ಅವನು ಒಳಗೆ ಆಡಬೇಕಾ, ಅಂಚಿನಲ್ಲಿ ಆಡಬೇಕಾ ಅನ್ನುವುದೇ ಇತ್ಯರ್ಥ ಆಗಲಿಲ್ಲ.

ಆಗಸ್ಟ್‌ನ ಅಭ್ಯಾಸ ಮ್ಯಾಚ್‌ಗಳನ್ನು ಮಾತ್ರ ಜಾಸ್ತಿ ನಂಬಬೇಡಿ. 2019ರಲ್ಲಿ ಮೂರನೇ ರೌಂಡ್‌ನ ಜೇಲನ್ ಹರ್ಡ್ ಡಲ್ಲಾಸ್ ಎದುರಿನ ಅಂಥ ಮ್ಯಾಚ್‌ನಲ್ಲಿ ಎರಡು ಟಚ್‌ಡೌನ್ ಹಿಡಿದ. ನಾವು ಕುಣಿದಾಡಿಬಿಟ್ಟೆವು. ಆಮೇಲೆ ಬೆನ್ನು ನೋವು, ಮುಂದಿನ ವರ್ಷ ಮಂಡಿ. ನೈನರ್ಸ್ ಜೆರ್ಸಿಯಲ್ಲಿ ಅವನು ಒಂದು ನಿಜವಾದ ಮ್ಯಾಚೂ ಆಡಲಿಲ್ಲ.

ಎಷ್ಟು ದಿನ ಕಾಯಬೇಕು?

ಭಾವನಿಗೆ ಇದನ್ನೆಲ್ಲ ಹೇಳಿದಾಗ ಅವರು "ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗತ್ತೆ ಬಿಡೋ" ಅಂದರು. ಗಾದೆ ಸುಳ್ಳಲ್ಲ. ನಿಕ್ ಬೋಸಾ ಎರಡನೇ ಪಿಕ್ ಆಗಿ ಬಂದ, ಮೊದಲ ವರ್ಷವೇ 9 ಸ್ಯಾಕ್, 2022ರಲ್ಲಿ 18.5. ಬರುವಾಗಲೇ ಎಲ್ಲರಿಗೂ ಕಾಣುತ್ತಿತ್ತು. ಆದರೆ ಅಂಥವರು ವರ್ಷಕ್ಕೆ ಕೆಲವರು. ಉಳಿದ ಇನ್ನೂರೈವತ್ತು ಹುಡುಗರ ವಿಷಯ ಬೇರೆ.

ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್, ಇಬ್ಬರು ಪ್ರೊಫೆಸರ್‌ಗಳು ಎಷ್ಟೋ ವರ್ಷಗಳ ಡ್ರಾಫ್ಟ್ ತೆಗೆದುಕೊಂಡು ಒಂದು ಲೆಕ್ಕ ಹಾಕಿದರು. ಒಂದೇ ಜಾಗದಲ್ಲಿ ಆಡುವ ಇಬ್ಬರನ್ನು ತಗೊಳ್ಳಿ. ಒಬ್ಬ ಮೊದಲು ಆಯ್ಕೆಯಾದ, ಅದೇ ಜಾಗದವರಲ್ಲಿ ಅವನ ಬೆನ್ನಿಗೇ ಇನ್ನೊಬ್ಬ ಆಯ್ಕೆಯಾದ. ಮೊದಲು ಆಯ್ಕೆಯಾದವನೇ ಹೆಚ್ಚು ಆಡಿದ್ದು ನೂರಕ್ಕೆ ಸುಮಾರು 52 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ, ಸ್ಕೌಟ್‌ಗಳನ್ನು ದೇಶವಿಡೀ ಕಳಿಸಿ, ಡಾಕ್ಟರ ಹತ್ತಿರ ತೋರಿಸಿ ಆರಿಸಿದ ಮೇಲಿನ ಲೆಕ್ಕ ಇದು. ಮೇಲಿನ ಪಿಕ್‌ಗಳಿಗೆ ತಂಡಗಳು ಕೊಡುವ ಬೆಲೆ ತುಂಬಾ ಜಾಸ್ತಿ ಅನ್ನುವುದು ಅವರ ತೀರ್ಮಾನ. ಮೂರಕ್ಕೆ ಏರುವ ಬದಲು ಹನ್ನೆರಡರಲ್ಲೇ ಕೂತು ಉಳಿದ ಪಿಕ್ ಇಟ್ಟುಕೊಳ್ಳುವುದು ಲೇಸು ಅಂತ ಅವರ ಲೆಕ್ಕ ಹೇಳುತ್ತದೆ.

ಇದನ್ನು ಓದಿದ ಮೇಲೆ ನಾನು ಡ್ರಾಫ್ಟ್ ದಿನ ಹುಡುಗರಿಗೆ ಗ್ರೇಡ್ ಕೊಡುವುದು ಬಿಟ್ಟೆ. ತಂಡದ ವ್ಯಾಪಾರಕ್ಕೆ ಮಾತ್ರ ಕೊಡುತ್ತೇನೆ. ಹುಡುಗನ ಎದುರಿಗೆ ಒಂದು ಪ್ರಶ್ನೆ ಬರೆಯುತ್ತೇನೆ, ಮೂರು ವರ್ಷ ಬಿಟ್ಟು ಉತ್ತರ ನೋಡುತ್ತೇನೆ. ಮೂರು ವರ್ಷ ಯಾಕೆ ಅಂದರೆ, ನಾಲ್ಕು ವರ್ಷದ ಒಪ್ಪಂದದಲ್ಲಿ ಮೂರು ಮುಗಿದಾಗ ತಂಡವೇ ನಿರ್ಧಾರ ಮಾಡಬೇಕಾಗುತ್ತದೆ. ಮೊದಲ ರೌಂಡ್‌ನವನ ಐದನೇ ವರ್ಷ ಬೇಕಾ ಬೇಡವಾ ಅಂತ ಹೇಳುವುದು ಆಗ. ಕೆಳಗಿನ ರೌಂಡ್‌ನವನಿಗೆ ಹೊಸ ಒಪ್ಪಂದ ಮಾಡಲು ಬಾಗಿಲು ತೆರೆಯುವುದೂ ಆಗ. ಪರ್ಡಿಗೆ ಆದದ್ದು ಅದೇ.

2025ರ ಹಾಳೆ ಈಗ ನನ್ನ ಎದುರಿಗಿದೆ. ಮೊದಲ ಹೆಸರು ಮೈಕೆಲ್ ವಿಲಿಯಮ್ಸ್, 11ನೇ ಪಿಕ್, ಜಾರ್ಜಿಯಾ. ಆರಿಸಿದಾಗ ಅವನಿಗೆ 20 ವರ್ಷ. ಕಾಲೇಜಿನ ಕೊನೆಯ ವರ್ಷ ಪಾದದ ಕೀಲಿನ ಗಾಯದಲ್ಲೇ ಆಡಿದವನು. ಅವನ ಎದುರಿಗೆ ಬರೆದ ಪ್ರಶ್ನೆ: "ಕಾಲು ಪೂರ್ತಿ ಸರಿ ಇದ್ದಾಗ ಇವನು ಹೇಗೆ ಓಡ್ತಾನೆ?" ಆ ನವೆಂಬರ್‌ನಲ್ಲಿ ಅವನ ಮಂಡಿಯ ಲಿಗಮೆಂಟ್ ಹರಿಯಿತು, ಸೀಸನ್ ಮುಗಿಯಿತು. ಪ್ರಶ್ನೆ ಹಾಗೇ ಉಳಿದಿದೆ. ಎರಡನೇ ಹೆಸರು ಟೆಕ್ಸಸ್‌ನ ಆಲ್‌ಫ್ರೆಡ್ ಕಾಲಿನ್ಸ್, 43ನೇ ಪಿಕ್, ನಡುವೆ ಗೋಡೆಯ ಹಾಗೆ ನಿಲ್ಲುವ ಹುಡುಗ. ಮಗಳೂ ಈಗ ತನ್ನದೇ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅವಳು ಕಾಲಿನ್ಸ್ ಎದುರಿಗೆ ಏನು ಬರೆದಿದ್ದಾಳೋ ತೋರಿಸಲಿಲ್ಲ. 2028ರ ಏಪ್ರಿಲ್‌ನಲ್ಲಿ ತೋರಿಸುತ್ತಾಳಂತೆ.